ವೆಗೆನರರ ಗ್ರಂಥ: ಒಂದು ಮರುನೋಟ

ಜರ್ಮನಿಯ ಹವಾಮಾನ ವಿಜ್ಞಾನಿ ಆಲ್‌ಫ್ರೆಡ್ ವೆಗೆನರ್ 1915ರಲ್ಲಿ ಪ್ರಕಟಿಸಿದ ‘ಖಂಡಗಳ ಮತ್ತು ಸಾಗರಗಳ ಉಗಮ’ದ ಬಲವಿರುವುದು ಸಾಕ್ಷ್ಯದಲ್ಲಿ. ಆಫ್ರಿಕ, ದಕ್ಷಿಣ ಅಮೆರಿಕಗಳ ದಡಗಳು ಹೊಂದುವುದು ಶಾಲಾ ಬಾಲಕನ ಕಣ್ಣಿಗೂ ಬೀಳುತ್ತದೆ. ವೆಗೆನರರು ಅಲ್ಲಿಗೆ ನಿಲ್ಲದೆ ಬಂಡೆ, ಪಳೆಯುಳಿಕೆ, ಹಿಮನದಿಯ ಗುರುತುಗಳನ್ನೆಲ್ಲ ಜೋಡಿಸಿದರು. ನಮ್ಮ ಗೊಂಡವಾನದ ಕಲ್ಲಿದ್ದಲಿನ ಗ್ಲಾಸಾಪ್ಟೆರಿಸ್ ಎಲೆ ಆ ಖಂಡಗಳಲ್ಲೂ ಸಿಕ್ಕುವ ಸಂಗತಿ ನಮಗಂತೂ ಮನೆಯ ಸುದ್ದಿ!

ಆದರೆ ಖಂಡಗಳನ್ನು ತಳ್ಳಿದ್ದು ಯಾವುದು? ಭೂಭ್ರಮಣದ ಬಲ, ಸೂರ್ಯಚಂದ್ರರ ಸೆಳೆತ ಎಂದದ್ದು ಇರುವೆಯಿಂದ ತೇರು ಎಳೆಸಿದಂತಾಯಿತು. ಹೆರಾಲ್ಡ್ ಜೆಫ್ರೀಸ್ ಲೆಕ್ಕ ಹಾಕಿ ಅದನ್ನು ಮುರಿದರು; ಅಲ್ಲಿಯವರೆಗೆ ಸರಿ. ಕಾರಣ ಸೋತಿತೆಂದು ಸಾಕ್ಷ್ಯವನ್ನೂ ಮೂಲೆಗೆ ತಳ್ಳಿದ ವಿಮರ್ಶಕರನ್ನು ಮಾತ್ರ ಒಪ್ಪುವುದು ಕಷ್ಟ. ಭೂಗರ್ಭದ ಶಾಖವೇ ಖಂಡಗಳನ್ನು ಸಾಗಿಸಬಲ್ಲದೆಂದು ಆರ್ಥರ್ ಹೋಮ್ಸ್ 1920ರ ದಶಕದಲ್ಲೇ ಸೂಚಿಸಿದ್ದರು. ಸಾಗರತಳ ಹರಡುತ್ತಿರುವುದು ಗೊತ್ತಾದದ್ದು 1960ರ ದಶಕದಲ್ಲಿ. ವೆಗೆನರರು 1930ರಲ್ಲೇ ಗ್ರೀನ್‌ಲೆಂಡಿನ ಹಿಮದಲ್ಲಿ ತೀರಿಕೊಂಡಿದ್ದರು.