ಒಂದು ಗಂಡು, ಎರಡು ಹೆಣ್ಣು, ಲೆಕ್ಕಕ್ಕೆ ಬಾರದ ಕೇರಿ

ನಮಗೆ ಸಿಕ್ಕಿದ್ದೇ ಎರಡನೆಯ ಭಾಗ. ಮೊದಲನೆಯದು ಯಾರ ಮನೆಯ ಅಟ್ಟದಲ್ಲಿ ಗೆದ್ದಲು ಹಿಡಿದಿದೆಯೋ ಗೊತ್ತಿಲ್ಲ. ಮಾರಿಕುಪ್ಪಂನಿಂದ ಬೆಳಗಿನ ಜಾವ ಹೊರಟು ಬಂಗಾರಪೇಟೆ ಮೇಲೆ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ನಾವು ಏಳೆಂಟು ಜನ ದಿನಾ ಒಂದೇ ಬೋಗಿ ಹತ್ತುತ್ತೇವೆ. ಒಬ್ಬರು ಗಾರ್ಮೆಂಟ್ಸು, ಒಬ್ಬ ಸೆಕ್ಯೂರಿಟಿ, ಇಬ್ಬರು ಬಿ.ಎ. ಮುಗಿಸಿ ಅಂಗಡಿ ಲೆಕ್ಕ ಬರೆಯುವವರು, ಒಬ್ಬಳು ಬಿ.ಎಡ್. ಓದುತ್ತಿರುವವಳು. ಪುಸ್ತಕ ಒಂದು, ಕೈ ಎಂಟು. ಕೂತವರು ಓದುತ್ತಾರೆ, ನಿಂತವರು ಕೇಳುತ್ತಾರೆ. ಹೀಗೆ ನಮ್ಮ ಕೈಗೆ ಬಂದದ್ದು ತರಾಸು ಅವರ ‘ಒಂದು ಗಂಡು ಎರಡು ಹೆಣ್ಣು’. ರಟ್ಟು ಕಿತ್ತುಹೋಗಿತ್ತು, ಯಾವನೋ ಪುಣ್ಯಾತ್ಮ ಅಂಚಿನಲ್ಲಿ ಹಾಲಿನ ಲೆಕ್ಕ ಬರೆದಿದ್ದ.

ಇದರ ಹಿಂದಿನದು ‘ನಾಗರಹಾವು’, ಮುಂದಿನದು ‘ಸರ್ಪ ಮತ್ಸರ’. ಮೂರನ್ನೂ ಒಂದೇ ಹಗ್ಗಕ್ಕೆ ಹೊಸೆದು ಪುಟ್ಟಣ್ಣ ಕಣಗಾಲರು 1972ರ ಕೊನೆಯಲ್ಲಿ ‘ನಾಗರಹಾವು’ ಸಿನಿಮಾ ತಂದರು. ಪುಸ್ತಕ ಓದಿದವರು ಕಡಿಮೆ, ಸಿನಿಮಾ ನೋಡದ ಮನೆ ಇಲ್ಲ. ಆದ್ದರಿಂದ ಕಥೆಯ ಮಾತು ಬಂದಾಗ ನಾವು ಸಿನಿಮಾದ ಕಥೆಯನ್ನೇ ಹಿಡಿದು ಮಾತಾಡುತ್ತೇವೆ. ಪುಸ್ತಕ ತಿಳಿದವರು ಅದಕ್ಕೂ ಇದಕ್ಕೂ ಅಂತರವಿದೆ ಎನ್ನಬಹುದು. ಇದೆ. ತರಾಸು ಅವರೇ ಸಿನಿಮಾ ನೋಡಿ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಬೇಸರಿಸಿಕೊಂಡರೆಂಬುದು ಪ್ರಸಿದ್ಧ ಮಾತು. ನಮ್ಮ ತಕರಾರು ಬೇರೆ. ನಾಗರವಾಗಲಿ ಕೇರೆಯಾಗಲಿ, ಅಲ್ಲಿ ಕೇರಿ ಎಲ್ಲಿ ಎಂಬುದು ನಮ್ಮ ಪ್ರಶ್ನೆ.

ಮೊದಲು ಸಾಲ ಒಪ್ಪಿಕೊಳ್ಳುತ್ತೇವೆ. ನಮ್ಮ ಮನೆಗಳಲ್ಲಿ ತಮಿಳು, ತೆಲುಗು. ಗಣಿಗೆ ಇಳಿಯಲು ಆರ್ಕಾಟಿನ ಕಡೆಯಿಂದ ಬಂದ ಅಜ್ಜಂದಿರ ಮೊಮ್ಮಕ್ಕಳು ನಾವು. ಸರ್ಕಾರಿ ಶಾಲೆಯ ಕನ್ನಡ ನಮಗೆ ಪರೀಕ್ಷೆಯ ಕನ್ನಡವಾಗಿತ್ತು. ಸಿಟ್ಟು ಬಂದಾಗ ಕನ್ನಡದಲ್ಲಿ ಹೇಗೆ ಸಿಟ್ಟಾಗಬೇಕು, ಒಬ್ಬ ಹುಡುಗಿಯ ಹೆಸರನ್ನು ಮನಸ್ಸಿನಲ್ಲೇ ಹೇಗೆ ಕರೆಯಬೇಕು ಎಂಬುದನ್ನು ಕಲಿಸಿದ್ದು ಪಠ್ಯಪುಸ್ತಕವಲ್ಲ; ಇಂಥ ಕಾದಂಬರಿಗಳು, ಇಂಥ ಸಿನಿಮಾಗಳು. ಸಿನಿಮಾ ಬಂದು ವರ್ಷ ತುಂಬುವ ಮೊದಲೇ, 1973ರ ನವೆಂಬರಿನಲ್ಲಿ, ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದ ಬಹುಪಾಲನ್ನು ಬೂಸಾ ಎಂದು ಕರೆದು ಮಂತ್ರಿ ಪದವಿ ಕಳೆದುಕೊಂಡರು. ನಮ್ಮ ಹಿರಿಯರು ಅವರ ಪರವಾಗಿ ಬೀದಿಯಲ್ಲಿ ಏಟು ತಿಂದರು. ನಾವೂ ಅವರ ಪರವೇ. ಆದರೆ ಹಾಲು, ರೇಷ್ಮೆ, ಚಿನ್ನ ಎಂದು ಹೆಸರಾದ ಜಿಲ್ಲೆಯವರಿಗೆ ಇನ್ನೊಂದು ಮಾತೂ ಗೊತ್ತು: ಬೂಸಾ ಇಟ್ಟರೇನೇ ಹಸು ಹಾಲು ಕೊಡೋದು. ಬೂಸಾ ತಿಂದೇ ಬೆಳೆದವರು ನಾವು. ತಿಂದದ್ದರಲ್ಲಿ ಕಲ್ಲೆಷ್ಟು, ಕಾಳೆಷ್ಟು ಎಂದು ಹೇಳುವ ಹಕ್ಕು ಅದರಿಂದಲೇ ಬಂತು.

ಚಿತ್ರದುರ್ಗದಂಥ ಊರು. ಬೆಟ್ಟ, ಕೋಟೆ, ಕಾಲೇಜು, ಒಂದು ಗೆಳೆಯರ ಗುಂಪು. ಮುಂಗೋಪಿ ಹುಡುಗ ರಾಮಾಚಾರಿ. ಅವನನ್ನು ಮಗನಂತೆ ಕಾಣುವ ಚಾಮಯ್ಯ ಮೇಷ್ಟ್ರು. ಗೆಳೆಯನ ತಂಗಿ ಅಲಮೇಲು. ಪ್ರೀತಿ ಇಲ್ಲಿ ಹೊಟ್ಟಿನ ಬೆಂಕಿಯ ಹಾಗೆ. ಉರಿಯೂ ಕಾಣದು, ಆರಿಯೂ ಆರದು. ಸಣ್ಣ ಊರಿನ ಪ್ರೇಮಕಥೆಗಳಿಗೆ ಈ ನಿಧಾನವೇ ರುಚಿ. ನೋಟ, ತಡವರಿಕೆ, ಬಾಯಿಗೆ ಬಂದು ನಿಂತ ಮಾತು. ಓದುವವನಿಗೆ ಹಾಳೆ ತಿರುವುವ ಆತುರ, ಬರೆಯುವವನಿಗೆ ತಿರುವಿಸದಿರುವ ಜಾಣತನ. ಮೊದಲನೆಯ ಭಾಗದ ಮಟ್ಟಿಗೆ ಇದು ನಡೆದುಬಿಡುತ್ತದೆ. ಯಾಕೆ ತಡ ಎಂದು ಯಾರೂ ಕೇಳುವುದಿಲ್ಲ, ನಾಚಿಕೆ ಎಂದುಕೊಳ್ಳುತ್ತೇವೆ. ಎರಡನೆಯ ಭಾಗಕ್ಕೆ ಆ ಅನುಕೂಲ ಇಲ್ಲ. ಆಮೇಲೇನಾಯ್ತು ಎಂದು ಕೇಳುವವನಿಗೆ ಅದು ಉತ್ತರ ಕೊಡಲೇಬೇಕು. ತಡವಾದದ್ದು ನಾಚಿಕೆಯಿಂದ ಅಲ್ಲ, ಜಾತಿಯಿಂದ ಎಂಬುದು ಅಲ್ಲಿ ಬಾಯಿಬಿಡಬೇಕಾಗುತ್ತದೆ.

ಕಥೆ ಬಾಯಿಬಿಡುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ಹೇಗೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು. ಅಲಮೇಲುವನ್ನು ರಾಮಾಚಾರಿ ಮದುವೆಯಾಗುವಂತಿಲ್ಲ, ಜಾತಿ ಬೇರೆ. ಇದನ್ನು ಊರಿನ ಯಜಮಾನ ಬಂದು ಹೇಳಿದ್ದರೆ ನಾವು ರೊಚ್ಚಿಗೇಳುತ್ತಿದ್ದೆವು. ಹೇಳುವವರು ಚಾಮಯ್ಯ ಮೇಷ್ಟ್ರು. ಒಳ್ಳೆಯವರು, ಬಡವರು, ಮಕ್ಕಳಿಲ್ಲದವರು, ಕಣ್ಣಲ್ಲಿ ನೀರು ತಂದುಕೊಂಡು ತ್ಯಾಗ ದೊಡ್ಡದು ಕಣೋ ಎನ್ನುವವರು. ಕೆ.ಎಸ್. ಅಶ್ವಥ್ ಆ ಪಾತ್ರವನ್ನು ಎಷ್ಟು ಚೆನ್ನಾಗಿ ಮಾಡಿದ್ದಾರೆಂದರೆ ಇವತ್ತಿಗೂ ನಮಗೆ ಮೇಷ್ಟ್ರ ಮೇಲೆ ಸಿಟ್ಟು ಬರುವುದಿಲ್ಲ. ಅಲ್ಲೇ ಇದೆ ಅಪಾಯ. ಮನುವಿನ ಮಾತು ಮೇಷ್ಟ್ರ ಬಾಯಲ್ಲಿ ಬಂದಾಗ ಅದು ಮಮತೆಯಾಗಿ ಕೇಳಿಸುತ್ತದೆ. ಈ ಪತ್ರಿಕೆ ಓದುವವರಲ್ಲಿ ಅರ್ಧಕ್ಕರ್ಧ ಜನ ಹಳ್ಳಿ ಶಾಲೆಯ ಮೇಷ್ಟ್ರುಗಳು. ನಿಮ್ಮ ಬಳಿ ಬಂದು ಅಳುವ ಹುಡುಗನಿಗೆ ನೀವೇನು ಹೇಳುತ್ತೀರಿ ಸಾರ್?

ನಮ್ಮ ಬೋಗಿಯಲ್ಲಿ ಈ ಜಾಗಕ್ಕೆ ಬಂದಾಗ ಗಾರ್ಮೆಂಟ್ಸಿಗೆ ಹೋಗುವ ಅಕ್ಕ ಊಟದ ಡಬ್ಬಿ ಮಡಿಲಲ್ಲಿಟ್ಟುಕೊಂಡು ಕೇಳಿದರು: “ಅದೇನ್ರಪ್ಪಾ ತ್ಯಾಗ ಅಂತೀರಲ್ಲ, ತ್ಯಾಗ ಮಾಡಿದ್ದು ಅವ್ನು, ಕೊಟ್ಟುಬಿಟ್ಟಿದ್ದು ಅವಳ್ನ. ಅವಳ್ನ ಯಾರಾದ್ರೂ ಒಂದ್ ಮಾತು ಕೇಳಿದ್ರಾ?” ಯಾರೂ ಉತ್ತರ ಕೊಡಲಿಲ್ಲ. ವಿಮರ್ಶೆ ಎಂದು ನಾವು ಬರೆಯುತ್ತಿರುವುದರಲ್ಲಿ ಮುಖ್ಯವಾದದ್ದನ್ನು ಅಕ್ಕ ಆ ಒಂದು ಮಾತಿನಲ್ಲಿ ಹೇಳಿ ಮುಗಿಸಿದ್ದರು. ಅಲಮೇಲು ಜಾತಿಯೊಳಗೇ ಮದುವೆಯಾದಳು. ಆ ಗಂಡನೇ ಅವಳನ್ನು ಮಾರಿದ. ರಾಮಾಚಾರಿ ಮುಂದೆ ಅವಳನ್ನು ಕಂಡದ್ದು ವೇಶ್ಯೆಯಾಗಿ. ಜಾತಿಯೊಳಗೆ ಕೊಟ್ಟರೆ ಕ್ಷೇಮ ಎಂಬ ಸುಳ್ಳನ್ನು ಕಥೆ ಇಷ್ಟು ನಿಷ್ಠುರವಾಗಿ ಒಡೆಯುತ್ತದೆ. ಇದು ಸಣ್ಣ ಮಾತಲ್ಲ. ಪ್ರಗತಿಶೀಲ ಚಳವಳಿಯಲ್ಲಿ ಬೆಳೆದ ತರಾಸು ಅವರಿಗೆ ಈ ಧೈರ್ಯ ಇತ್ತು. ಆದರೆ ಆ ನೋಟ ಯಾರದ್ದು? ನೋಡಿ ನೋಯುವವನು ಅವನು. ಅವಳ ನೋವು ಅವನ ಸಿಟ್ಟಿಗೆ ಸೌದೆ. ಶೀರ್ಷಿಕೆಯೇ ನೋಡಿ: ಗಂಡು ಒಂದು, ಹೆಣ್ಣು ಎರಡು. ಎಣಿಕೆಯಲ್ಲಿ ಗಂಡು ಮೊದಲು. ಜಾತಿಗೆ ಅಂಕಿಯೇ ಇಲ್ಲ. ಅದು ಹಾವಂತೆ, ಹಾವಿನ ರೋಷವಂತೆ. ಊರಿನ ವಿಷವನ್ನೆಲ್ಲ ಹುಡುಗನ ಹಲ್ಲಿಗೆ ಕಟ್ಟಿದರೆ ಊರು ಬಚಾವಾಯಿತು.

ಎರಡನೆಯ ಹೆಣ್ಣು ಮಾರ್ಗರೆಟ್. ಸಿನಿಮಾದಲ್ಲಿ ಅವಳು ಬೆರಗಿನ ವಸ್ತು: ಗಿಡ್ಡ ಲಂಗ, ಬಿಚ್ಚು ಮಾತು, ಬೇರೆ ಧರ್ಮ. ನಮಗೆ ಆ ಬೆರಗು ಹುಟ್ಟಲೇ ಇಲ್ಲ. ಕೋಲಾರ ಚಿನ್ನದ ಗಣಿಯ ಲೈನು ಮನೆಗಳಲ್ಲಿ ಮಾರ್ಗರೆಟ್ ಅಂದರೆ ಬಿಂದಿಗೆ ಹಿಡಿದು ನಲ್ಲಿ ಮುಂದೆ ನಿಂತ ಪಕ್ಕದ ಮನೆಯ ಹುಡುಗಿ. ಒಂದು ಕಾಲಕ್ಕೆ ಇಲ್ಲಿ ಆಂಗ್ಲೋ ಇಂಡಿಯನ್ ಮಾರ್ಗರೆಟ್ಟರೂ ಇದ್ದರು, ಕ್ಲಬ್ಬು, ಬಂಗಲೆ, ಪಿಯಾನೋ ಎಲ್ಲ ಇತ್ತು. ನಮ್ಮ ಮಾರ್ಗರೆಟ್ ಅವರಲ್ಲ. ಅವಳ ಮುತ್ತಜ್ಜ ನಮ್ಮ ಮುತ್ತಜ್ಜನ ಜೊತೆಗೇ ಚಾಂಪಿಯನ್ ರೀಫಿನ ಪಾತಾಳಕ್ಕೆ ಇಳಿದವನು. ಚರ್ಚಿನೊಳಗೆ ಕ್ರೈಸ್ತಳು, ಚರ್ಚು ದಾಟಿದರೆ ಹೊಲಗೇರಿಯವಳು. ಅವಳನ್ನು ಮದುವೆಯಾಗಬಾರದು ಎಂದು ಹೇಳುವ ರಾಮಾಚಾರಿಯ ಮನೆಯವರಿಗೆ ಅಡ್ಡ ಬರುವುದು ಯಾವುದು, ಏಸುವೋ ಕೇರಿಯೋ? ಸಿನಿಮಾ ಧರ್ಮದ ಹೆಸರು ಹೇಳಿ ಮುಂದೆ ಹೋಗುತ್ತದೆ. ಇನ್ನು ಅಲಮೇಲುವನ್ನು ಬೀದಿಯಲ್ಲಿ ಕಾಡುವ ಪೋಕರಿಗೆ ಜಲೀಲ ಎಂದೇ ಹೆಸರಿಡಬೇಕಿತ್ತೇ ಎಂಬುದನ್ನೂ ಕೇಳಬೇಕು. ಅಂಬರೀಷ್ ಆ ಪಾತ್ರದಿಂದ ಸ್ಟಾರ್ ಆದರು, ಸರಿ. ಬಂಗಾರಪೇಟೆಯ ಜಲೀಲರು ನಮ್ಮ ಜೊತೆ ಇದೇ ರೈಲಿನಲ್ಲಿ ನಿಂತು ಬರುತ್ತಾರೆ.

ಹಾಗಾದರೆ ಇಡೀ ಕಥೆಯಲ್ಲಿ ನಮ್ಮವರು ಯಾರೂ ಇಲ್ಲವೇ? ಇದ್ದಾರೆ, ಒಬ್ಬಳೇ. ಒಂದು ಹಾಡಿನಷ್ಟು ಹೊತ್ತು. ಓಬವ್ವ. ಛಲವಾದಿ ಹೆಣ್ಣುಮಗಳು. ಕಾವಲುಗಾರ ಗಂಡ ಊಟಕ್ಕೆ ಕೂತಿದ್ದಾನೆ, ಇವಳು ನೀರಿಗೆ ಹೋದಳು, ಕಿಂಡಿಯಲ್ಲಿ ನುಸುಳುವ ಹೈದರಾಲಿಯ ಸೈನಿಕರನ್ನು ಕಂಡಳು, ಒನಕೆ ಹಿಡಿದಳು. ಜಯಂತಿಯವರ ಆ ಮುಖವನ್ನು ಮರೆಯುವುದುಂಟೇ? ನಮ್ಮೂರಿನ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಪ್ರತಿ ವರ್ಷ ಯಾವಳೋ ಒಬ್ಬ ಹುಡುಗಿ ರಟ್ಟಿನ ಒನಕೆ ಹಿಡಿದು ಆ ಹಾಡಿಗೆ ಕುಣಿದಿದ್ದಾಳೆ. ನಮ್ಮ ಬಿ.ಎಡ್. ಗೆಳತಿಯೇ ಎರಡು ವರ್ಷ ಕುಣಿದವಳು. ಅವಳಿಗೆ ಆಗ ಹೊಳೆಯದ್ದು ಈಗ ಹೊಳೆಯುತ್ತಿದೆ. ಊರಿನ ಕೋಟೆ ಕಾಯಲು ಕೇರಿಯ ಹೆಣ್ಣು ಬೇಕು, ಇನ್ನೂರು ವರ್ಷದ ಹಿಂದಿನವಳಾಗಿದ್ದು ಹಾಡು ಮುಗಿಯುವಷ್ಟರಲ್ಲಿ ಸತ್ತರೆ ಇನ್ನೂ ಒಳ್ಳೆಯದು. ಅದೇ ಓಬವ್ವನ ವಂಶದ ಹುಡುಗಿ ರಾಮಾಚಾರಿಯ ಕಾಲೇಜಿನ ಬೆಂಚಿನಲ್ಲಿ ಕೂತಿದ್ದರೆ? ಅವನು ತಲೆಯೆತ್ತಿ ನೋಡಿದ್ದರೆ? ಮೂರು ಕಾದಂಬರಿಗಳಷ್ಟು ಉದ್ದದ ಪ್ರೇಮಕ್ಕೆ ಅವಳು ‘ಮೂರನೆಯ ಹೆಣ್ಣು’ ಕೂಡ ಆಗಲಿಲ್ಲ. ವೀರಳಾಗಲು ಯೋಗ್ಯಳು, ಪ್ರಿಯಳಾಗಲು ಅಲ್ಲ.

ನಮ್ಮೂರಿನ ಹೆಸರು ಹೊತ್ತ ಸಿನಿಮಾಕ್ಕೂ ಎರಡನೆಯ ಭಾಗ ಬಂತು. 2018ರಲ್ಲಿ ಮೊದಲನೆಯದು, 2022ರಲ್ಲಿ ಮುಂದಿನದು. ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮ ಸೈನೈಡ್ ದಿಬ್ಬದ ಮೇಲೆ ಸೆಟ್ಟು ಹಾಕಿದರು, ನಮ್ಮ ಅಜ್ಜಂದಿರನ್ನು ಒಬ್ಬ ನಾಯಕನಿಗಾಗಿ ಬಾಯಿಬಿಟ್ಟು ಕಾಯುವ ಗುಲಾಮರನ್ನಾಗಿ ಮಾಡಿದರು. ಬೆರಳಚ್ಚು ಕೊಡುವುದಿಲ್ಲ ಎಂದು 1930ರಲ್ಲಿ ಗಣಿ ನಿಲ್ಲಿಸಿದವರು ಅವರು. ನಿಜವಾದ ಎರಡನೆಯ ಭಾಗ 2001ರ ಫೆಬ್ರವರಿ 28ಕ್ಕೆ ಶುರುವಾಯಿತು, ಗಣಿ ಮುಚ್ಚಿದ ದಿನ. ನಾವು ಹೆಚ್ಚುಕಡಿಮೆ ಆಗಲೇ ಹುಟ್ಟಿದವರು. ಮೊದಲನೆಯ ಭಾಗವನ್ನು ಅಪ್ಪ ಅಜ್ಜ ಕುಡಿದಾಗ ಹೇಳುತ್ತಾರೆ. ನಾವು ಕಂಡದ್ದು ಈ ರೈಲು. ಎರಡನೆಯ ಪುಸ್ತಕ ಮೊದಲು ಓದಲು ನಮಗೆ ಕಷ್ಟವಾಗದಿದ್ದುದು ಇದಕ್ಕೇ ಇರಬೇಕು.

ಕಥೆಯ ಕೊನೆಗೆ ಬರೋಣ. ಮಾರ್ಗರೆಟ್ ವಿಷಯದಲ್ಲೂ ಮೇಷ್ಟ್ರು ಬೇಡ ಎನ್ನುತ್ತಾರೆ. ರಾಮಾಚಾರಿಯ ಕೈಯಿಂದ ಮೇಷ್ಟ್ರು ಬೆಟ್ಟದಿಂದ ಬೀಳುತ್ತಾರೆ, ಅವರ ಹಿಂದೆಯೇ ಅವನೂ ಅವಳೂ. ಥಿಯೇಟರಿನಲ್ಲಿ ಜನ ಅಳುತ್ತಾರೆ. ನಾವೂ ಅತ್ತಿದ್ದೇವೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಕಡೆ ಇಂಥ ಕೊನೆ ಪರದೆಯ ಮೇಲೆ ಮಾತ್ರ ಬರುವುದಿಲ್ಲ. 2023ರ ಜೂನ್ ತಿಂಗಳಲ್ಲಿ ಇದೇ ಬಂಗಾರಪೇಟೆ ಸೀಮೆಯ ಒಂದು ಹಳ್ಳಿಯಲ್ಲಿ ದಲಿತ ಹುಡುಗನನ್ನು ಪ್ರೀತಿಸಿದ ಮಗಳನ್ನು ಕೊಂದ ಆರೋಪದ ಮೇಲೆ ತಂದೆಯನ್ನು ಪೊಲೀಸರು ಹಿಡಿದರು. ಸುದ್ದಿ ತಿಳಿದ ಹುಡುಗ ರೈಲಿನ ಹಳಿಯ ಮೇಲೆ ಸತ್ತ. ಅವತ್ತು ನಮ್ಮ ಬೋಗಿಯಲ್ಲಿ ಯಾರೂ ಪುಸ್ತಕ ತೆಗೆಯಲಿಲ್ಲ. ಆ ಸಾವಿನಲ್ಲಿ ಬೆಟ್ಟದ ಮೇಲಿನ ಗಾಳಿ, ಹಿನ್ನೆಲೆ ಸಂಗೀತ ಏನೂ ಇರಲಿಲ್ಲ. ಪ್ರೇಮಿಗಳು ಸತ್ತು ಗೆದ್ದರು ಎಂದು ಬರೆಯುವ ಕವಿಗಳಿಗೆ ಕೈಮುಗಿದು ಕೇಳಿಕೊಳ್ಳುತ್ತೇವೆ: ನಿಲ್ಲಿಸಿ. ನಮ್ಮ ನೋಟುಬುಕ್ಕುಗಳಲ್ಲೂ ಅಂಥ ಎರಡು ಪದ್ಯ ಇದ್ದವು, ಹರಿದುಹಾಕಿದ್ದೇವೆ. ಸತ್ತರೆ ಮುಂದಿನ ಭಾಗ ಬರೆಯುವ ತೊಂದರೆ ಬರೆಯುವವನಿಗೆ ತಪ್ಪಿತು, ಅಷ್ಟೇ. ಮೇಲ್ಜಾತಿ ಓದುಗನಿಗೂ ಕಣ್ಣೀರೊರೆಸಿಕೊಂಡು ಮನೆಗೆ ಹೋಗಲು ದಾರಿಯಾಯಿತು. ಬದುಕಿ ಪಕ್ಕದ ಬೀದಿಯಲ್ಲಿ ಬಾಡಿಗೆ ಮನೆ ಕೇಳಿಕೊಂಡು ಬಂದರೆ ತಾನೆ ಅವನಿಗೆ ಕಷ್ಟ!

ಆ ಬದುಕಿದವರ ಕಥೆಯನ್ನು ಯಾರು ಬರೆಯಬೇಕು? ನಮ್ಮ ಬೋಗಿಯಲ್ಲೇ ಒಂದು ಜೋಡಿ ಇದೆ. ಸೆಕ್ಯೂರಿಟಿ ಕೆಲಸದ ಅಣ್ಣ ನಮ್ಮವನು, ಅವನ ಹೆಂಡತಿ ಬೇರೆಯವರು, ಹೆಸರು ಊರು ಬೇಡ. 1954ರ ವಿಶೇಷ ವಿವಾಹ ಕಾಯ್ದೆಯ ಕೆಳಗೆ ಅರ್ಜಿ ಹಾಕಿದರು. ಅರ್ಜಿ ಹಾಕಿದ ಮೇಲೆ ಮೂವತ್ತು ದಿನ ನೋಟಿಸನ್ನು ಕಚೇರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸಬೇಕು, ಆಕ್ಷೇಪ ಇದ್ದವರು ಬರಲಿ ಎಂದು. ನಿಧಾನ ಪ್ರೇಮ ಅಂದರೆ ಇದು ನೋಡಿ. ಆ ಮೂವತ್ತು ದಿನ ಅವರು ಮಾರಿಕುಪ್ಪಂ, ಚಾಂಪಿಯನ್, ಉರಿಗಾಂ, ಕೋರಮಂಡಲ್ ಎಂದು ದಿನಕ್ಕೊಂದು ನಿಲ್ದಾಣದಲ್ಲಿ ರೈಲು ಹತ್ತಿದರು, ಕಾಯುವವರಿಗೆ ಗುರುತು ಸಿಗದಿರಲಿ ಎಂದು. ಇಬ್ಬರೂ ಬೇರೆ ಬೇರೆ ಬೋಗಿ. ನಾವು ನಡುವೆ ಚೀಟಿ ಸಾಗಿಸಿದೆವು. ಯಾವ ಕಾದಂಬರಿಯ ಯಾವ ಅಧ್ಯಾಯ ಇದರ ಮುಂದೆ ನಿಂತೀತು?

ಈಗ ಅವರು ಒಂದೇ ಬೋಗಿಯಲ್ಲಿ ಬರುತ್ತಾರೆ. ಜಗಳವೂ ಆಡುತ್ತಾರೆ. ರೇಷನ್ ಕಾರ್ಡಿಗೆ ಹೆಸರು ಸೇರಿಸಲು ರಜ ಯಾರು ಹಾಕಬೇಕು, ನೀರು ಬಂದ ದಿನ ಯಾರು ಬೇಗ ಏಳಬೇಕು, ಸಾರಿಗೆ ಹುಣಿಸೆಹಣ್ಣು ಎಷ್ಟು. ಹೋದ ವಾರ ‘ಒಂದು ಗಂಡು ಎರಡು ಹೆಣ್ಣು’ ಓದುವ ಸರದಿ ಆಕೆಯದಾಗಿತ್ತು. ವೈಟ್‌ಫೀಲ್ಡ್ ಬರುವವರೆಗೂ ಓದಿದರು, ಪುಸ್ತಕ ಮುಚ್ಚಿ ಅಣ್ಣನ ಕೈಗೆ ಕೊಟ್ಟು, “ಮೂರನೇದು ಸಿಕ್ಕಿದ್ರೆ ನಂಗೆ ಮೊದ್ಲು ಕೊಡ್ರಿ, ಈ ವಯ್ಯ ಕೊನೇ ಪುಟ ಮೊದ್ಲೇ ಓದಿ ಹೇಳಿಬಿಡ್ತಾರೆ” ಎಂದು ನಮಗೆ ಹೇಳಿ ಇಳಿಯಲು ಎದ್ದರು. ‘ಸರ್ಪ ಮತ್ಸರ’ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ಪತ್ರಿಕೆಯ ವಿಳಾಸಕ್ಕೆ ಕಳಿಸಿ, ಓದಿ ಹಿಂತಿರುಗಿಸುತ್ತೇವೆ.