ಮಿತ್ರದ್ರೋಹಕ್ಕೆ ನೆಪವುಂಟೇ? – ರನ್ನನ ದುರ್ಯೋಧನನ ಉತ್ತರ



‘ನಾಲ್ಕು ಜನ ಏನೆಂದಾರು’ ಎಂಬ ಅಂಜಿಕೆಯಿಂದ ಗೆಳೆಯನ ಕೈಬಿಟ್ಟವರು ಎಲ್ಲ ಊರುಗಳಲ್ಲಿಯೂ ಇದ್ದಾರೆ. ಮನೆತನದ, ಜಾತಿಯ, ಓಣಿಯ ಒತ್ತಡ ಸುಳ್ಳಲ್ಲ. ಆದರೆ ಒತ್ತಡವಿತ್ತೆಂದ ಮಾತ್ರಕ್ಕೆ ಮಿತ್ರದ್ರೋಹವು ನ್ಯಾಯವಾದೀತೇ? ಸಾವಿರ ವರ್ಷಗಳ ಹಿಂದಿನ ಮುಧೋಳದ ಕವಿಯೊಬ್ಬನ ಕಾವ್ಯ ಈ ಪ್ರಶ್ನೆಯನ್ನು ನೇರವಾಗಿ ಎದುರಿಸುತ್ತದೆ.

ಜಂಬುಖಂಡಿ ಎಪ್ಪತ್ತರ ಮುದುವೊಳಲು, ಅಂದರೆ ಇಂದಿನ ಜಮಖಂಡಿ ಸೀಮೆಯ ಮುಧೋಳ, ರನ್ನನ ಹುಟ್ಟೂರು. ಕ್ರಿ.ಶ. 949ರಲ್ಲಿ ಬಳೆಗಾರರ ಮನೆಯಲ್ಲಿ ಹುಟ್ಟಿದ ಅವನು ಚಾಲುಕ್ಯರ ಆಸ್ಥಾನಕವಿಯಾದನು. ಅವನ ‘ಗದಾಯುದ್ಧ’ವು ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ ಹೊಗಳುವ ಕಾವ್ಯ. ಆದರೂ ಓದುಗನ ಎದೆಯಲ್ಲಿ ಉಳಿಯುವವನು ಸೋತ ದುರ್ಯೋಧನನೇ.

ಸಂಜಯನೊಡನೆ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತ ದುರ್ಯೋಧನನು ಕರ್ಣನ ಶವದ ಮುಂದೆ ನಿಲ್ಲುತ್ತಾನೆ. ಕರ್ಣನು ತನ್ನ ಅಣ್ಣನೆಂದು ಧರ್ಮರಾಜನಿಗೆ ತಿಳಿದಿರಲಿಲ್ಲ, ದುರ್ಯೋಧನನಿಗೆ ತಿಳಿದಿತ್ತು. ತಿಳಿಸಿದ್ದರೆ ಧರ್ಮರಾಜನು ರಾಜ್ಯವನ್ನೇ ಕರ್ಣನಿಗೆ ಒಪ್ಪಿಸುತ್ತಿದ್ದನು. ಅದನ್ನು ಮುಚ್ಚಿಟ್ಟು ನಿನ್ನನ್ನು ಕೊಂದವನು ನಾನೇ ಎಂದು ದುರ್ಯೋಧನನು ಹಲುಬುತ್ತಾನೆ.

ಬಾಣ ಅರ್ಜುನನದು, ಆದರೆ ಹೊಣೆಯನ್ನು ಹೊತ್ತವನು ಗೆಳೆಯ. ಯುದ್ಧ, ಸಿಂಹಾಸನ, ತನ್ನನ್ನು ನಂಬಿ ಬಂದ ಅರಸರು – ಹೇಳಿಕೊಳ್ಳಲು ನೆಪಗಳಿಗೆ ಕೊರತೆಯಿರಲಿಲ್ಲ. ಅವನು ಒಂದನ್ನೂ ಮುಂದಿಡುವುದಿಲ್ಲ. ರನ್ನನ ಹಿರಿಮೆಯನ್ನು ನಾನು ಕಾಣುವುದು ಇಲ್ಲಿಯೇ. ಒತ್ತಡವು ದ್ರೋಹಕ್ಕೆ ಕಾರಣವನ್ನು ಕೊಡಬಲ್ಲದು, ಸಮರ್ಥನೆಯನ್ನಲ್ಲ. ದ್ರೋಹಕ್ಕೆ ಕತ್ತಿಯೂ ಬೇಕಿಲ್ಲ. ಹೇಳಬೇಕಾದುದನ್ನು ಹೇಳದ ಮೌನವೇ ಸಾಕು.

ಹಾಗಾದರೆ ಗೆಳೆಯನು ತಪ್ಪು ಮಾಡಿದಾಗಲೂ ಜೊತೆಗೇ ನಿಲ್ಲಬೇಕೇ? ಕರ್ಣನ ಕಡೆ ನೋಡಿರಿ. ಕೃಷ್ಣನು ಅವನ ಹುಟ್ಟನ್ನು ತಿಳಿಸಿ ರಾಜ್ಯದ ಆಸೆ ತೋರಿದನು. ಕುಂತಿ ತಾಯ್ತನವನ್ನು ಮುಂದಿಟ್ಟು ಬೇಡಿದಳು. ಅವನು ಗೆಳೆಯನನ್ನು ಬಿಡಲಿಲ್ಲ. ಆದರೆ ದ್ಯೂತಸಭೆಯಲ್ಲಿ ಆ ಗೆಳೆಯನನ್ನು ತಡೆಯುವ ಮಾತನ್ನೂ ಆಡಲಿಲ್ಲ. ವ್ಯಾಸಭಾರತದಲ್ಲಿ ದ್ರೌಪದಿಯ ಅವಮಾನಕ್ಕೆ ಕುಮ್ಮಕ್ಕನ್ನೇ ಕೊಟ್ಟನು. ಗೆಳೆಯನ ತಪ್ಪನ್ನು ಅವನ ಮುಖದೆದುರು ಹೇಳುವುದು, ಅಗತ್ಯವಾದರೆ ಹೇಳಿಯೇ ದೂರವಾಗುವುದು ದ್ರೋಹವಲ್ಲ. ಅದು ಸ್ನೇಹದ ಕಠಿಣ ಕರ್ತವ್ಯ. ಊರಿಗೆ ಅಂಜಿ ಬೆನ್ನ ಹಿಂದೆ ಅವನನ್ನು ಒಪ್ಪಿಸಿಬಿಡುವುದು ಬೇರೆ.

ಪ್ರಧಾನಯಾಜಕನ ಅಂಗಳದಲ್ಲಿ ಚಳಿ ಕಾಯಿಸುತ್ತಿದ್ದ ಪೇತ್ರನನ್ನು ನೀವು ಬಲ್ಲಿರಿ. ದಾಸಿಯೊಬ್ಬಳು ಕೇಳಿದ ಮಾತ್ರಕ್ಕೆ ‘ಅವನನ್ನು ಅರಿಯೆ’ ಎಂದನು. ಪ್ರಾಣಭಯ ನಿಜವಾಗಿತ್ತು. ಆದರೂ ಯೇಸು ತಿರುಗಿ ನೋಡಿದಾಗ ಪೇತ್ರನು ಆ ಭಯವನ್ನು ನೆಪವಾಗಿ ಹೇಳಲಿಲ್ಲ. ಹೊರಗೆ ಹೋಗಿ ಅತ್ತನು. ದುರ್ಯೋಧನನೂ ಅತ್ತನು, ಆದರೆ ಅವನ ಕಣ್ಣೀರನ್ನು ಕಾಣಲು ಗೆಳೆಯನು ಬದುಕಿರಲಿಲ್ಲ. ಪೇತ್ರನಿಗೆ ಗೆಳೆಯನ ಬಳಿಗೆ ಮರಳುವ ದಾರಿ ಉಳಿದಿತ್ತು.

ನಿಮ್ಮ ಮೌನದಿಂದ ನೊಂದ ಗೆಳೆಯನೊಬ್ಬನು ಇನ್ನೂ ಬದುಕಿದ್ದರೆ, ನಿಮಗೂ ಆ ದಾರಿ ಮುಚ್ಚಿಲ್ಲ. ನೆಪಗಳನ್ನು ಮನೆಯಲ್ಲಿಯೇ ಬಿಟ್ಟು ಅವನ ಬಾಗಿಲಿಗೆ ಹೋಗಿರಿ.