ಚೌಕದೊಳಗೆ ಕನ್ನಡ

ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಕಡೆಯ ಹುಡುಗರು ಸೇರಿ ಹೊರಡಿಸುವ ಒಂದು ಪುಟ್ಟ ಪತ್ರಿಕೆಯ ಮುಖಪುಟಕ್ಕೆಂದು ನನ್ನ ಮೊಮ್ಮಗ ಮೊನ್ನೆ ಒಂದು ಫಾಂಟನ್ನು ತಂದು ತೋರಿಸಿದ. ಹೆಸರು ‘ಪ್ರೆಸ್ ಸ್ಟಾರ್ಟ್ 2ಪಿ’. ಜಪಾನಿನ ನಾಮ್ಕೊ ಸಂಸ್ಥೆಯ 1980ರ ದಶಕದ ಆಟದ ಯಂತ್ರಗಳಲ್ಲಿ ಹೊಳೆಯುತ್ತಿದ್ದ ಅಕ್ಷರಗಳನ್ನು ನೋಡಿ ‘ಕೋಡ್‌ಮ್ಯಾನ್38’ ಎಂಬ ಅಂಕಿತದವರು ಮಾಡಿದ್ದು. ಅದರಲ್ಲಿ ರೋಮನ್ ಇದೆ, ಗ್ರೀಕ್ ಇದೆ, ರಷ್ಯನ್ ಇದೆ, ಕನ್ನಡವಿಲ್ಲ. “ನಮ್ಮೂರ ಹೆಸರನ್ನು ಇದರಲ್ಲಿ ಹೇಗೆ ಬರೆಯುವುದು, ಅಜ್ಜ?” ಎಂದ.

ಮೊದಲು ಗುಣದ ಮಾತು. ಅಗಲಕ್ಕೆ 8 ಚುಕ್ಕೆ, ಎತ್ತರಕ್ಕೆ 8 ಚುಕ್ಕೆ. ಒಟ್ಟು 64ರಲ್ಲಿ ಅಕ್ಷರ ಬದುಕಿಕೊಳ್ಳಬೇಕು. ಒಂದು ಸಾಲಿಗೆ ಒಂದು ಬೈಟ್, ಒಂದು ಅಕ್ಷರಕ್ಕೆ 8. 96 ಅಕ್ಷರಗಳಿಗೆ 768 ಬೈಟ್ ಸಾಕು. ಯಂತ್ರದ ನೆನಪೇ ಕಿರಿದಾಗಿದ್ದ ಕಾಲದಲ್ಲಿ ಬಡತನದಿಂದ ಹುಟ್ಟಿದ ಚೆಲುವು ಇದು. ಮೆಚ್ಚತಕ್ಕದ್ದೇ ಸರಿ.

ಆದರೆ ಕನ್ನಡಕ್ಕೆ ಈ ಚೌಕ ಒಗ್ಗೀತೆ? ನಮ್ಮ ಅಂಗಳದ ರಂಗೋಲಿಯಲ್ಲಿ ಚುಕ್ಕೆ ಬರಿಯ ಗುರುತು. ಎಳೆ ಅದನ್ನು ಬಳಸಿಕೊಂಡು ಸುತ್ತುತ್ತದೆ. ಇಲ್ಲಿ ಚುಕ್ಕೆಯೇ ಎಳೆ. ನಮ್ಮ ಲಿಪಿಯಾದರೋ ಎಳೆಯ ಜಾತಿಯದು.

ಚೌಕದ ಪುಸ್ತಕ ತೆಗೆದು ನಾನೇ ಬರೆದು ನೋಡಿದೆ. ‘ಶಿರಸಿ’ಗೆ ಒತ್ತಿಲ್ಲ, ಹೇಗೋ ನಿಂತಿತು, ಆದರೂ ‘ರ’ದ ಹೊಟ್ಟೆಯಲ್ಲಿ ಒಂದು ಚುಕ್ಕೆ ತಪ್ಪಿ ಬಿತ್ತೆಂದರೆ ಅದು ‘ಠ’ ಆಗಿ ಊರು ‘ಶಿಠಸಿ’ಯಾಯಿತು! ‘ಯಲ್ಲಾಪುರ’ದಲ್ಲಿ ಒತ್ತಿಗೆ ಕೆಳಗಿನ 3 ಸಾಲು ಕೊಟ್ಟೆ, ಮೇಲಿನ ‘ಲಾ’ 5 ಸಾಲಿನಲ್ಲಿ ಮುದುಡಿ ಕುಳಿತಿತು. ‘ಸಿದ್ದಾಪುರ’ವನ್ನು ‘ಸಿದ್ಧಾಪುರ’ ಎಂದು ಬರೆಯುವವರೂ ಇದ್ದಾರೆ. ದಕಾರಕ್ಕೂ ಧಕಾರಕ್ಕೂ ಇರುವುದು ಬುಡದ ಒಂದು ಸೀಳಿನ ಅಂತರ. ನನ್ನ 3 ಸಾಲಿನಲ್ಲಿ ಎರಡೂ ಒಂದೇ ಆಗಿಬಿಟ್ಟವು.

ಚೌಕವನ್ನು ಹಿಗ್ಗಿಸಿದರೆ ಸಾಕೆ? ರೋಮನ್ ಝಿಬೋರಾ ಅವರು 1998ರಲ್ಲಿ ತೊಡಗಿದ ‘ಯೂನಿಫಾಂಟ್’ನಲ್ಲಿ 16 ಚುಕ್ಕೆ ಎತ್ತರದ ಕನ್ನಡ ಅಕ್ಷರಗಳಿವೆ. ಆದರೆ ಅದರ ಕಟ್ಟಳೆ ಒಂದು ಸಂಕೇತಕ್ಕೆ ಒಂದೇ ರೂಪ ಎಂಬುದು. ಆದ್ದರಿಂದ ಒತ್ತಕ್ಷರಗಳು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಜಾಗವೂ ಬೇಕು, ಕೂಡಿಸುವ ನಿಯಮವೂ ಬೇಕು.

ಇದೆಲ್ಲ ಹುಡುಗಾಟವೆಂದು ತಳ್ಳಿಹಾಕುವಂತಿಲ್ಲ. ಬಸ್ಸಿನ ಹಣೆಯ ಮೇಲಿನ ದೀಪದ ಹಲಗೆಯಲ್ಲಿ, ಬಿಲ್ಲು ಹೊಡೆಯುವ ಪುಟ್ಟ ಯಂತ್ರದಲ್ಲಿ ಇದೇ ಚುಕ್ಕೆಗಳಿವೆ. ಅಲ್ಲಿ ಅಕ್ಷರ ಅಲಂಕಾರವಲ್ಲ. ಕತ್ತಲಾದ ಮೇಲೆ ಯಲ್ಲಾಪುರದ ಬಸ್ಸು ಹುಡುಕುವ ಮುದುಕಿಗೆ ಅದೇ ದಾರಿ. ಆ ಆಟದ ಯಂತ್ರಗಳನ್ನು ಆಡಿ ಬೆಳೆದವರಿಗೆ ಈ ಫಾಂಟು ಬಾಲ್ಯದ ನೆನಪು. ಅವುಗಳ ಪರದೆಯ ಮೇಲೆ ಕನ್ನಡವಿರಲಿಲ್ಲ; ನಮಗೆ ಅದು ಕಡ ತಂದ ನೆನಪು. ಕಡ ತಂದ ಅಂಗಿಗಾಗಿ ಕೈ ಕತ್ತರಿಸಿಕೊಳ್ಳುವುದು ಬೇಡ. ಚೌಕಕ್ಕಾಗಿ ಒತ್ತನ್ನು ಕತ್ತರಿಸಬಾರದು. ಒತ್ತಿಗಾಗಿ ಚೌಕಕ್ಕೆ ಸಾಲು ಸೇರಿಸಬೇಕು.

ನಾನೂ ಮೊಮ್ಮಗನೂ 16 ಸಾಲಿಗೆ ಬರೆದೆವು, ಇಕ್ಕಟ್ಟಾಯಿತು. 24ಕ್ಕೆ ಹೋದೆವು. ಸಿದ್ಧಾಪುರದ ಸೀಳು ಆಗ ಕಂಡಿತು.